ಬೆಟ್ಟದ ನೇರಳೆ ಆಸ್ಟರ್ ಯಾವುದು? ಒಂದೇ ಹುಲ್ಲುಗಾವಲಿನ ಹಲವು ಹೂಗಳ ನಡುವೆ ಹೆಸರನ್ನು ಆರಿಸುವ ಬಗೆ

ಉತ್ತರ ಅಮೆರಿಕದ ಪಶ್ಚಿಮ ಭಾಗದ ಪರ್ವತಗಳಲ್ಲಿ, ಅಂದರೆ ಕ್ಯಾಸ್ಕೇಡ್, ಸಿಯೆರಾ ನೆವಾಡ ಮತ್ತು ರಾಕಿ ಶ್ರೇಣಿಗಳಲ್ಲಿ, ಹಿಮ ಕರಗಿ ಬೇಸಿಗೆ ಮುಗಿಯುತ್ತ ಬರುವಾಗ ಎತ್ತರದ ಹುಲ್ಲುಗಾವಲುಗಳು ನೇರಳೆ ಬಣ್ಣಕ್ಕೆ ತಿರುಗುತ್ತವೆ. ನಡುವೆ ಹಳದಿ ಗುಂಡಿ, ಸುತ್ತಲೂ ತಿಳಿನೇರಳೆ ಎಸಳುಗಳು: ಹೂವಿನ ರೂಪ ಇಷ್ಟು ಸರಳ. ಅದನ್ನು ಆಸ್ಟರ್ ಎಂದು ಕರೆದು ಮುಂದೆ ನಡೆಯುವವರಿಗೆ ಯಾವ ತೊಡಕೂ ಇಲ್ಲ. ಆದರೆ ಯಾವ ಆಸ್ಟರ್ ಎಂದು ಕೇಳಿಕೊಂಡವರಿಗೆ ಕೈಪಿಡಿಯೊಂದು ಒಂದು ಹೆಸರನ್ನೂ ಮೊಬೈಲಿನ ಆ್ಯಪ್ ಇನ್ನೊಂದನ್ನೂ ಹಾದಿಬದಿಯ ಫಲಕ ಮೂರನೆಯದನ್ನೂ ಕೊಡುತ್ತವೆ. ವಾಷಿಂಗ್ಟನ್ ರಾಜ್ಯದ ಮೌಂಟ್ ರೇನಿಯರ್ ರಾಷ್ಟ್ರೀಯ ಉದ್ಯಾನದಲ್ಲಿ, ಸುಮಾರು 1,650 ಮೀಟರ್ ಎತ್ತರದ ಪ್ಯಾರಡೈಸ್ ಎಂಬ ತಾಣದ ಸುತ್ತಮುತ್ತ, ಆಗಸ್ಟ್ ತಿಂಗಳಿನಲ್ಲಿ ಇಂತಹ ಹೂಬಿಡುವ ಗಿಡಗಳು ಕನಿಷ್ಠ ಮೂರು ಬೇರೆ ಬೇರೆ ಕುಲಗಳಿಗೆ ಸೇರಿದವು. ದಾರಿಯಲ್ಲಿ ನಿಂತು ನೋಡುವವರ ಕಣ್ಣಿಗೆ ಮೂರೂ ಒಂದೇ. ಇವುಗಳ ನಡುವೆ ಹೇಗೆ ಆರಿಸಬೇಕೆಂದು ಗೊಂದಲಗೊಂಡ ಓದುಗರಿಗಾಗಿ ಈ ಹೋಲಿಕೆಯನ್ನು ಬರೆದಿದ್ದೇನೆ.

ಮೊದಲು ಸುಳ್ಳು ಆಯ್ಕೆಗಳನ್ನು ಬದಿಗಿಡುವುದು ಒಳ್ಳೆಯದು, ಏಕೆಂದರೆ ಗೊಂದಲದ ಒಂದು ದೊಡ್ಡ ಪಾಲು ಗಿಡಗಳದ್ದಲ್ಲ, ಹೆಸರುಗಳದ್ದು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಸ್ಥಿರಗೊಳಿಸಿದ ಆಸ್ಟರ್ ಎಂಬ ಕುಲದೊಳಗೆ ನಂತರದ ಎರಡು ಶತಮಾನಗಳಲ್ಲಿ ನೂರಾರು ಪ್ರಭೇದಗಳು ಬಂದು ಸೇರಿದವು. ಆ ದೊಡ್ಡ ಗುಂಪಿನಲ್ಲಿದ್ದ ಅಮೆರಿಕದ ಗಿಡಗಳು ಯುರೋಪು ಮತ್ತು ಏಷ್ಯಾದ ಆಸ್ಟರ್‌ಗಳಿಗೆ ಹತ್ತಿರದ ಬಂಧುಗಳಲ್ಲವೆಂಬುದು ಕ್ರಮೇಣ ಸ್ಪಷ್ಟವಾಯಿತು. ಸಸ್ಯವಿಜ್ಞಾನಿ ಗೈ ನೆಸಮ್ 1994ರಲ್ಲಿ ಪ್ರಕಟಿಸಿದ ಪರಿಷ್ಕರಣೆ ಅವುಗಳನ್ನು ಹಲವು ಕುಲಗಳಾಗಿ ಬೇರ್ಪಡಿಸಿತು. ಹಾಗಾಗಿ ಹಳೆಯ ಕೈಪಿಡಿಯಲ್ಲಿ ಆಸ್ಟರ್ ಲೆಡೊಫಿಲಸ್ ಎಂದಿರುವುದು ಈಗ ಯೂಸೆಫಾಲಸ್ ಲೆಡೊಫಿಲಸ್. ಆಸ್ಟರ್ ಆಲ್ಪಿಜೀನಸ್ ಈಗ ಒರಿಯೋಸ್ಟೆಮ್ಮ ಆಲ್ಪಿಜೀನಮ್. ಆಸ್ಟರ್ ಫೋಲಿಯೇಶಿಯಸ್ ಈಗ ಸಿಂಫಿಯೋಟ್ರೈಕಮ್ ಫೋಲಿಯೇಶಿಯಮ್. ಆಸ್ಟರ್ ಆಕ್ಸಿಡೆಂಟಾಲಿಸ್ ಈಗ ಸಿಂಫಿಯೋಟ್ರೈಕಮ್ ಸ್ಪ್ಯಾಥುಲೇಟಮ್. ಎರಡು ಆಕರಗಳು ಈ ಜೋಡಿಗಳಲ್ಲಿ ಒಂದೊಂದು ಹೆಸರನ್ನು ಹೇಳುತ್ತಿದ್ದರೆ ಅವು ಒಂದೇ ಗಿಡವನ್ನು ಕುರಿತು ಹೇಳುತ್ತಿವೆ, ಅಲ್ಲಿ ಆರಿಸಬೇಕಾದುದು ಏನೂ ಇಲ್ಲ. ಉತ್ತರ ಅಮೆರಿಕದಲ್ಲಿ ಸಹಜವಾಗಿ ಬೆಳೆಯುವ ಗಿಡಗಳ ಪೈಕಿ ಇಂದಿಗೂ ಆಸ್ಟರ್ ಕುಲದಲ್ಲಿಯೇ ಉಳಿದಿರುವುದು ಆಸ್ಟರ್ ಆಲ್ಪಿನಸ್ ಒಂದೇ. ಈ ಲೇಖನದಲ್ಲಿ ಆಸ್ಟರ್ ಎಂದಾಗ ಹಿಂದೆ ಆ ಹೆಸರಿನಡಿ ಇದ್ದ ಎಲ್ಲವನ್ನೂ ಸಡಿಲವಾಗಿ ಸೂಚಿಸುತ್ತಿದ್ದೇನೆಂದು ಓದುಗರು ತಿಳಿಯಬೇಕು.

ಅಳೆಯುವ ಗುಣಗಳು

ಸೂರ್ಯಕಾಂತಿಯ ಕುಟುಂಬದ ಎಲ್ಲ ಗಿಡಗಳಂತೆ ಇಲ್ಲಿಯೂ ನಾವು ಒಂದು ಹೂ ಎಂದುಕೊಳ್ಳುವುದು ನಿಜವಾಗಿ ಹತ್ತಾರು ಕಿರುಹೂಗಳ ಚೆಂಡುಮಂಜರಿ. ನಾವು ಎಸಳು ಎನ್ನುವ ಪ್ರತಿಯೊಂದೂ ಅಂಚಿನ ಒಂದು ಕಿರುಹೂ. ನಡುವಿನ ಹಳದಿ ಗುಂಡಿ ಕೊಳವೆಯಾಕಾರದ ಕಿರುಹೂಗಳ ಗುಂಪು. ಇಡೀ ಮಂಜರಿಯನ್ನು ತಳದಿಂದ ಬಟ್ಟಲಿನಂತೆ ಹಿಡಿದುಕೊಂಡಿರುವ ಹಸಿರು ಎಲೆಯಂತಹ ಭಾಗಗಳನ್ನು ಇಲ್ಲಿ ಪತ್ರಕಗಳು ಎಂದು ಕರೆಯುತ್ತೇನೆ. ಗುರುತಿಸುವ ಕೆಲಸದಲ್ಲಿ ನನ್ನ ಅನುಭವಕ್ಕೆ ಅತಿ ಹೆಚ್ಚು ನೆರವಾದದ್ದು ಈ ಪತ್ರಕಗಳೇ, ಆದರೆ ಜನ ತೆಗೆಯುವ ನೂರಕ್ಕೆ ತೊಂಬತ್ತು ಚಿತ್ರಗಳಲ್ಲಿ ಕಾಣದಿರುವುದೂ ಇವೇ ಎಂದರೆ ಉತ್ಪ್ರೇಕ್ಷೆಯಾಗಲಾರದು. ಹೂವನ್ನು ಮೆಲ್ಲಗೆ ಬಗ್ಗಿಸಿ ಅದರ ಹಿಂಬದಿಯನ್ನು ನೋಡುವ ಒಂದು ಅಭ್ಯಾಸವನ್ನು ಓದುಗರು ಬೆಳೆಸಿಕೊಂಡರೆ ಮುಂದಿನದೆಲ್ಲ ಅರ್ಧದಷ್ಟು ಹಗುರವಾಗುತ್ತದೆ.

ಪತ್ರಕಗಳಲ್ಲಿ ನೋಡಬೇಕಾದುದು ಅವುಗಳ ಉದ್ದ ಮತ್ತು ಅಗಲ. ಎಲ್ಲವೂ ಒಂದೇ ಉದ್ದವಾಗಿ, ಸಪೂರವಾಗಿ, ಬೇಲಿಯ ಗೂಟಗಳಂತೆ ಒತ್ತಾಗಿ ನಿಂತಿವೆಯೇ, ಅಥವಾ ಹೊರಗಿನವು ಗಿಡ್ಡವಾಗಿ ಒಳಗಿನವು ಉದ್ದವಾಗಿ ಮನೆಯ ಹೆಂಚುಗಳಂತೆ ಒಂದರ ಮೇಲೊಂದು ಸಾಲುಗೂಡಿವೆಯೇ? ಮೊದಲನೆಯದು ಫ್ಲೀಬೇನ್ ಎಂದು ಕರೆಯುವ ಎರಿಜೆರಾನ್ ಕುಲದ ಲಕ್ಷಣ, ಎರಡನೆಯದು ಆಸ್ಟರ್‌ಗಳ ಲಕ್ಷಣ. ಈ ನಿಯಮಕ್ಕೆ ಅಪವಾದಗಳಿವೆ, ಅವುಗಳನ್ನು ಮುಂದೆ ಹೇಳುತ್ತೇನೆ.

ಎರಡನೆಯ ಗುಣ ಕಾಂಡ ಮತ್ತು ಎಲೆ. ಒಂದು ಕಾಂಡದ ಮೇಲೆ ಒಂದೇ ಹೂವೋ ಹಲವೋ, ಎಲೆಗಳು ಬುಡದಲ್ಲಿ ಗುಂಪಾಗಿವೆಯೋ ಕಾಂಡದುದ್ದಕ್ಕೂ ಹರಡಿವೆಯೋ, ಎಲೆಯ ಅಂಚು ನುಣುಪೋ ಹಲ್ಲುಹಲ್ಲಾಗಿದೆಯೋ, ಎಲೆಯ ಅಡಿಭಾಗ ಬೂದು ಬಣ್ಣದ ರೋಮದಿಂದ ಕೂಡಿದೆಯೋ ಎಂಬ ಪ್ರಶ್ನೆಗಳಿಗೆ ಯಾವ ಉಪಕರಣವೂ ಇಲ್ಲದೆ ಉತ್ತರ ಸಿಗುತ್ತದೆ. ಮೂರನೆಯದು ಎಸಳುಗಳ ಸಂಖ್ಯೆ ಮತ್ತು ಅಗಲ. ಈ ಕುಟುಂಬದಲ್ಲಿ ಎಸಳುಗಳ ಸಂಖ್ಯೆ ಹಲವು ವೇಳೆ 8, 13, 21, 34 ಎಂಬ ಫಿಬೊನಾಚಿ ಸರಣಿಯ ಅಂಕಿಗಳ ಸುತ್ತ ಸುಳಿಯುತ್ತದೆ, ಎಣಿಸಿ ನೋಡುವುದು ಸಂತೋಷದ ಕೆಲಸ; ಆದರೆ ಒಂದೇ ಗಿಡದಲ್ಲಿಯೂ ಹೂವಿನಿಂದ ಹೂವಿಗೆ ಇದು ಬದಲಾಗುವುದರಿಂದ ಮೂರು ನಾಲ್ಕು ಹೂಗಳನ್ನು ಎಣಿಸಬೇಕು. ನಾಲ್ಕನೆಯದು ನೆಲೆ: ನೀರು ಜಿನುಗುವ ಹುಲ್ಲುಗಾವಲೋ, ಕಲ್ಲಿನ ಇಳಿಜಾರೋ, ಕಾಡಿನ ಅಂಚೋ, ಒಣ ಜಲ್ಲಿಯ ರಸ್ತೆಬದಿಯೋ.

ಹೂಬಿಡುವ ಕಾಲವನ್ನು ನಾನು ಕೊನೆಗೆ ಇಡುತ್ತೇನೆ. ಫ್ಲೀಬೇನ್‌ಗಳು ಬೇಗ ಅರಳುತ್ತವೆ, ಆಸ್ಟರ್‌ಗಳು ತಡವಾಗಿ ಅರಳುತ್ತವೆ ಎಂಬ ಮಾತು ತಗ್ಗಿನ ಪ್ರದೇಶಗಳಲ್ಲಿ ಸಾಕಷ್ಟು ನಿಜ. ಎತ್ತರದಲ್ಲಿ ಹಿಮ ಜುಲೈವರೆಗೂ ಉಳಿಯುವ ಕಡೆ ಇಡೀ ವರ್ಷದ ಹೂಗಾಲ ಆರೇಳು ವಾರಗಳೊಳಗೆ ಮುದುಡಿಕೊಂಡು ಎರಡೂ ಅಕ್ಕಪಕ್ಕದಲ್ಲಿ ಒಟ್ಟಿಗೆ ಅರಳಿರುತ್ತವೆ. ಬಣ್ಣವನ್ನಂತೂ ಆಧಾರವಾಗಿ ಬಳಸಲೇಬಾರದು: ಈ ಎಲ್ಲ ಗಿಡಗಳಲ್ಲಿಯೂ ತಿಳಿಗುಲಾಬಿಯಿಂದ ನೀಲಿನೇರಳೆಯವರೆಗೆ ಛಾಯೆಗಳಿವೆ, ಬಿಸಿಲಿನಲ್ಲಿ ಬಣ್ಣ ಮಾಸುತ್ತದೆ, ಕ್ಯಾಮೆರಾ ನೇರಳೆಯನ್ನು ನೀಲಿಯಾಗಿಸುತ್ತದೆ.

ಹೆಸರುಗಳನ್ನು ಗುಣಗಳ ಮೇಲಿಟ್ಟು ತೂಗಿದಾಗ

ಹೆಚ್ಚಿನವರು ಎಡವುವುದು ಎರಿಜೆರಾನ್ ಗ್ಲೇಶಿಯಾಲಿಸ್ ಎಂಬ ಗಿಡದಲ್ಲಿ. ಹಳೆಯ ಕೈಪಿಡಿಗಳಲ್ಲಿ ಇದು ಎರಿಜೆರಾನ್ ಪೆರಿಗ್ರೈನಸ್ ಎಂಬ ಹೆಸರಿನಡಿ ಸಿಗುತ್ತದೆ. ಫ್ಲೀಬೇನ್ ಎಂದರೆ ದಾರದಂತಹ ನೂರಾರು ಎಸಳುಗಳು ಎಂದು ಓದಿಕೊಂಡು ಹೋದವರನ್ನು ಇದು ಖಂಡಿತ ದಾರಿ ತಪ್ಪಿಸುತ್ತದೆ, ಏಕೆಂದರೆ ಇದರ ಎಸಳುಗಳು 30ರಿಂದ 80 ಮಾತ್ರ, ಒಂದೊಂದೂ 2ರಿಂದ 4 ಮಿಲಿಮೀಟರ್ ಅಗಲ, ನೋಡಲು ಅಚ್ಚ ಆಸ್ಟರ್. ಇದರ ಜೊತೆಗೆ ಅದೇ ಬೆಟ್ಟಗಳ ಎರಿಜೆರಾನ್ ಸ್ಪೀಶಿಯೋಸಸ್ ಅನ್ನು ಇಟ್ಟು ನೋಡಿದರೆ, 65ರಿಂದ 150 ಎಸಳುಗಳು, ಒಂದೊಂದೂ ಸುಮಾರು 1 ಮಿಲಿಮೀಟರ್ ಅಗಲ, ಅದು ಪಾಠದಲ್ಲಿ ಹೇಳಿದಂತಹ ಫ್ಲೀಬೇನ್. ಗ್ಲೇಶಿಯಾಲಿಸ್ ಸಿಕ್ಕಿಬೀಳುವುದು ಹಿಂಬದಿಯಲ್ಲಿ: ಪತ್ರಕಗಳು ಸಪೂರ, ತುದಿ ಚೂಪು, ಎಲ್ಲವೂ ಒಂದೇ ಉದ್ದ, ಮೇಲೆ ಅಂಟುಗ್ರಂಥಿಗಳ ಸಣ್ಣ ಚುಕ್ಕೆಗಳು. ಕಾಂಡದಲ್ಲಿ ಎಲೆಗಳಿರುತ್ತವೆ, ಮೇಲೆ ಹೋದಂತೆ ಅವು ಕಿರಿದಾಗುತ್ತವೆ, ಸಾಮಾನ್ಯವಾಗಿ ತುದಿಯಲ್ಲಿ ಒಂದೇ ಹೂ. ತೇವವಿರುವ ಹುಲ್ಲುಗಾವಲು, ತೊರೆಯ ದಂಡೆ ಇದರ ನೆಲೆ. ಕೈಯಲ್ಲಿ ಮಸೂರವಿದ್ದರೆ ಇನ್ನೊಂದು ಪರೀಕ್ಷೆಯಿದೆ. ನಡುವಿನ ಹಳದಿ ಕಿರುಹೂಗಳಿಂದ ಹೊರಚಾಚಿದ ಶಲಾಕೆಯ, ಅಂದರೆ ಹೂವಿನ ಹೆಣ್ಣು ಭಾಗದ ಸಣ್ಣ ಕಡ್ಡಿಯ, ಎರಡು ಕವಲುಗಳ ತುದಿಯನ್ನು ನೋಡಬೇಕು; ಫ್ಲೀಬೇನ್‌ನಲ್ಲಿ ಆ ತುದಿ ಗಿಡ್ಡ ಮೊಂಡು ತ್ರಿಕೋನ, ಆಸ್ಟರ್‌ಗಳಲ್ಲಿ ಅದು ಉದ್ದವಾಗಿ ಚೂಪಾಗುತ್ತ ಹೋಗುತ್ತದೆ. ಬರಿಗಣ್ಣಿಗೆ ಇದು ಕಾಣುವುದಿಲ್ಲ, ಆದರೆ ಪತ್ರಕಗಳು ಅನುಮಾನ ಹುಟ್ಟಿಸಿದಾಗ ನಾನು ನಂಬುವುದು ಇದನ್ನೇ.

ಒರಿಯೋಸ್ಟೆಮ್ಮ ಆಲ್ಪಿಜೀನಮ್ ನಿಜವಾಗಿಯೂ ಎತ್ತರದ ಗಿಡ. ಬುಡದಲ್ಲಿ ಹುಲ್ಲಿನಂತಹ ಸಪೂರ ಎಲೆಗಳ ಗುಚ್ಛ, ಅದರಿಂದ ಹೊರಟು ತಳದಲ್ಲಿ ಬಾಗಿ ಮೇಲೇಳುವ ಗಿಡ್ಡ ಕಾಂಡ, ಕಾಂಡದ ಮೇಲೆ ಎಲೆಗಳು ಇಲ್ಲವೆನ್ನುವಷ್ಟು ಕಡಿಮೆ ಮತ್ತು ಕಿರಿದು, ತುದಿಯಲ್ಲಿ ಒಂದೇ ಹೂ, ನೆಲದೊಳಗೆ ದಪ್ಪ ತಾಯಿಬೇರು. ಹಲವು ಕಡೆ ಒಂದು ಗೇಣಿಗಿಂತ ಎತ್ತರ ಬೆಳೆಯುವುದಿಲ್ಲ. ಪತ್ರಕಗಳ ನಿಯಮ ಇಲ್ಲಿ ಸಡಿಲವಾಗುತ್ತದೆ, ಏಕೆಂದರೆ ಇದರ ಪತ್ರಕಗಳೂ ಬಹುಮಟ್ಟಿಗೆ ಸಮ ಉದ್ದದವು. ಹಾಗಾಗಿ ಪತ್ರಕವನ್ನು ಮಾತ್ರ ನೋಡಿದವರು ಇದನ್ನು ಫ್ಲೀಬೇನ್ ಎಂದು ಬರೆದುಕೊಳ್ಳುವ ಅಪಾಯವಿದೆ. ಇಲ್ಲಿ ಎರಡನೆಯ ಗುಣಕ್ಕೆ, ಅಂದರೆ ಬುಡದ ಹುಲ್ಲೆಲೆ ಮತ್ತು ಬರಿದಾದ ಕಾಂಡಕ್ಕೆ, ಹೆಚ್ಚಿನ ತೂಕ ಕೊಡಬೇಕು. ಕ್ಯಾಸ್ಕೇಡ್ ಮತ್ತು ಸಿಯೆರಾ ನೆವಾಡದಿಂದ ಪೂರ್ವಕ್ಕೆ ಐಡಹೊ, ಮೊಂಟಾನ, ವಯೋಮಿಂಗ್‌ವರೆಗೆ ಇದು ಸಿಗುತ್ತದೆ. ಆಲ್ಪೈನ್ ಆಸ್ಟರ್ ಎಂದು ಹಾದಿಬದಿಯ ಫಲಕದಲ್ಲಿ ಕಂಡರೆ ಈ ಪ್ರದೇಶದಲ್ಲಿ ಅದು ಬಹುತೇಕ ಇದನ್ನೇ ಸೂಚಿಸುತ್ತದೆ, ಆಸ್ಟರ್ ಆಲ್ಪಿನಸ್ ಅನ್ನು ಅಲ್ಲ. ಇಂಗ್ಲಿಷ್ ಹೆಸರು ಒಂದೇ ಆದುದರಿಂದ ಆಗುವ ತಪ್ಪುಗಳಿಗೆ ಲೆಕ್ಕವಿಲ್ಲ.

ಮೌಂಟ್ ರೇನಿಯರ್‌ನ ಮೂರನೆಯ ಗಿಡ ಯೂಸೆಫಾಲಸ್ ಲೆಡೊಫಿಲಸ್, ಕ್ಯಾಸ್ಕೇಡ್ ಆಸ್ಟರ್. ಗುರುತಿಸಲು ಇವುಗಳಲ್ಲೆಲ್ಲ ಸುಲಭವಾದದ್ದು ಇದೇ ಎಂಬುದು ನನ್ನ ಅಭಿಪ್ರಾಯ. ಮೊಣಕಾಲೆತ್ತರದ ಕಾಂಡಗಳು ಗುಂಪಾಗಿ ನಿಂತಿರುತ್ತವೆ. ಬುಡದಲ್ಲಿ ಎಲೆಗಳ ಗುಚ್ಛವಿಲ್ಲ. ಕೆಳಗಿನ ಎಲೆಗಳು ಕಿರಿದಾದ ಹುರುಪೆಗಳಂತಿದ್ದು, ನಡುಕಾಂಡದ ಎಲೆಗಳೇ ದೊಡ್ಡವು, ಅವುಗಳ ಅಡಿಭಾಗ ಬೂದುಬಣ್ಣದ ರೋಮದಿಂದ ಮುಚ್ಚಿರುತ್ತದೆ. ಕಾಂಡಕ್ಕೆ ಹಲವು ಹೂಗಳು, ಹೂವಿಗೆ ಎಸಳುಗಳು ಹೆಚ್ಚೆಂದರೆ ಇಪ್ಪತ್ತರ ಆಸುಪಾಸು, ನಡುವೆ ಅಲ್ಲಲ್ಲಿ ಸಂದು ಬಿಟ್ಟು ವಿರಳವಾಗಿ ನಿಂತಂತೆ ಕಾಣುತ್ತವೆ. ಪತ್ರಕಗಳು ಹೆಂಚಿನ ಸಾಲಿನವು. ಇದೇ ಕುಲದ ಯೂಸೆಫಾಲಸ್ ಎಂಗೆಲ್ಮನಿಯೈ ಇನ್ನೂ ಎತ್ತರ, ಎಸಳುಗಳು ಬಿಳಿ ಅಥವಾ ತಿಳಿಗುಲಾಬಿ, ಹೆಚ್ಚಾಗಿ 8 ಅಥವಾ 13. ಅದನ್ನು ಇತರ ಗಿಡಗಳೊಂದಿಗೆ ಬೆರೆಸಿಕೊಳ್ಳುವ ಸಂಭವ ಕಡಿಮೆ.

ಯೂರಿಬಿಯ ಕಾನ್‌ಸ್ಪಿಕುವ ಕಾಡಿನ ಗಿಡ. ಅಂಗೈಯಷ್ಟು ದೊಡ್ಡದಾಗಬಲ್ಲ, ಮರಳುಕಾಗದದಂತೆ ಒರಟಾದ, ಅಂಚಿನಲ್ಲಿ ಚೂಪು ಹಲ್ಲುಗಳಿರುವ ಎಲೆಗಳೇ ಇದರ ಗುರುತು. ದಟ್ಟ ನೆರಳಿನಲ್ಲಿ ಎಲೆಗಳಷ್ಟೇ ಇದ್ದು ಹೂ ಅಪರೂಪ. ಬೆಂಕಿ ಬಿದ್ದು ಮರಗಳು ತೆರವಾದ ಮೇಲೆ ಇಡೀ ಇಳಿಜಾರು ಇದರ ಹೂವಿನಿಂದ ತುಂಬುವುದುಂಟು. ಒಣ ರಸ್ತೆಬದಿಯ ಡೈಟೀರಿಯ ಕ್ಯಾನೆಸೆನ್ಸ್ ಕೂಡ ಅಷ್ಟೇ ಸ್ಪಷ್ಟ: ಪತ್ರಕಗಳ ತುದಿಗಳು ಹೊರಕ್ಕೆ ಬಾಗಿ ಕೊಕ್ಕೆಯಂತೆ ಕಾಣುತ್ತವೆ.

ಉಳಿದದ್ದು ಸಿಂಫಿಯೋಟ್ರೈಕಮ್, ಈ ಹೋಲಿಕೆಯ ಅತ್ಯಂತ ಕಠಿಣ ಭಾಗ. ಎಲೆಗಳು ಕಾಂಡದುದ್ದಕ್ಕೂ, ಅಂಚು ಬಹುಮಟ್ಟಿಗೆ ನುಣುಪು, ಹಲವು ಹೂಗಳು, ಪತ್ರಕಗಳ ತುದಿ ಹಸಿರು ಮತ್ತು ತಳ ಬಿಳಿಚು. ಸಿಂಫಿಯೋಟ್ರೈಕಮ್ ಫೋಲಿಯೇಶಿಯಮ್‌ನಲ್ಲಿ ಹೊರಗಿನ ಪತ್ರಕಗಳು ಪುಟ್ಟ ಎಲೆಗಳಂತೆಯೇ ಅಗಲವಾಗಿ ಹರಡಿಕೊಳ್ಳುತ್ತವೆ, ಒಳಗಿನವುಗಳಷ್ಟೇ ಉದ್ದವಾಗಿರುವುದೂ ಉಂಟು. ಇದು ಉದ್ದದ ನಿಯಮಕ್ಕೆ ಎರಡನೆಯ ಅಪವಾದ, ಆದರೆ ಅಗಲವನ್ನು ಗಮನಿಸಿದವರು ಮೋಸಹೋಗುವುದಿಲ್ಲ. ಪಶ್ಚಿಮದ ಬೆಟ್ಟದ ಆಸ್ಟರ್ ಎಂಬ ಅರ್ಥದ ಇಂಗ್ಲಿಷ್ ಹೆಸರಿರುವ ಸಿಂಫಿಯೋಟ್ರೈಕಮ್ ಸ್ಪ್ಯಾಥುಲೇಟಮ್‌ನಲ್ಲಿ ಪತ್ರಕಗಳು ಸಪೂರ. ಸಿಂಫಿಯೋಟ್ರೈಕಮ್ ಅಸೆಂಡೆನ್ಸ್ ಹೆಚ್ಚು ಒಣ ನೆಲದ್ದು, ಅದರ ಹೊರಪತ್ರಕಗಳು ಗಿಡ್ಡ ಮತ್ತು ತುದಿ ಮೊಂಡು. ಕಾಗದದ ಮೇಲೆ ಈ ವ್ಯತ್ಯಾಸಗಳು ಸ್ಪಷ್ಟವಾಗಿವೆ, ಬೆಟ್ಟದಲ್ಲಿ ಅಷ್ಟಿಲ್ಲ. ಕಾರಣ ಗಿಡಗಳಲ್ಲಿಯೇ ಇದೆ: ಅಸೆಂಡೆನ್ಸ್ ಎಂಬುದು ಸ್ಪ್ಯಾಥುಲೇಟಮ್ ಮತ್ತು ಬಯಲಿನ ಫಾಲ್ಕೇಟಮ್ ಎಂಬ ಎರಡು ಪ್ರಭೇದಗಳ ಮಿಶ್ರಣದಿಂದ, ಎರಡರ ವರ್ಣತಂತುಗಳೂ ಒಂದುಗೂಡಿ ಹುಟ್ಟಿದ ಪ್ರಭೇದ. ಇವು ಇಂದಿಗೂ ಪರಸ್ಪರ ಬೆರೆಯುತ್ತವೆ; ಹಾಗಾಗಿ ಎರಡರ ನಡುವಿನ ರೂಪದ ಗಿಡ ಸಿಕ್ಕಿದರೆ ಅದು ನೋಡುವವರ ಸೋಲಲ್ಲ, ಗಿಡವೇ ನಡುವೆ ನಿಂತಿದೆ.

ಯಾರಿಗೆ ಎಷ್ಟು ಉಪಕರಣ, ಎಷ್ಟು ಖರ್ಚು

ಹಣವನ್ನೇ ಖರ್ಚು ಮಾಡದೆ ಕುಲದವರೆಗೆ ತಲುಪಬಹುದು. ಗಿಡ, ಪ್ರಾಣಿಗಳ ಚಿತ್ರಗಳನ್ನು ಹಾಕಿ ಹೆಸರು ಕೇಳಬಹುದಾದ ಐನ್ಯಾಚುರಲಿಸ್ಟ್ ಎಂಬ ತಾಣ 2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಯೋಜನೆಯಾಗಿ ಆರಂಭವಾಗಿ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಉಚಿತ, ಮತ್ತು ಅದರ ಮುಖ್ಯ ಬಲ ಗಣಕ ಸೂಚಿಸುವ ಹೆಸರಲ್ಲ, ಆಮೇಲೆ ಚಿತ್ರವನ್ನು ನೋಡಿ ತಿದ್ದುವ ಬಲ್ಲವರು. ಆದರೆ ಮೇಲಿನಿಂದ ತೆಗೆದ ಒಂದೇ ಚಿತ್ರವನ್ನು ಕೊಟ್ಟರೆ ಗಣಕಕ್ಕೂ ಬಲ್ಲವರಿಗೂ ಪತ್ರಕಗಳು ಕಾಣುವುದಿಲ್ಲ, ಇಬ್ಬರೂ ಊಹೆಯನ್ನೇ ಹೇಳುತ್ತಾರೆ. ನಾಲ್ಕು ಚಿತ್ರಗಳು ಬೇಕು: ಮುಂಬದಿ, ಪತ್ರಕಗಳು ಕಾಣುವ ಪಕ್ಕದ ನೋಟ, ನಡುಕಾಂಡದ ಎಲೆ ಕಾಂಡಕ್ಕೆ ಸೇರುವ ಜಾಗ, ಬುಡ ಮತ್ತು ಸುತ್ತಲಿನ ನೆಲ. ಒಂದರಲ್ಲಾದರೂ ಬೆರಳನ್ನು ಪಕ್ಕದಲ್ಲಿಟ್ಟರೆ ಅಳತೆ ತಿಳಿಯುತ್ತದೆ.

ಖರ್ಚು ಮಾಡುವುದಾದರೆ ಮೊದಲ ಹಣ ಹತ್ತು ಪಟ್ಟು ಹಿಗ್ಗಿಸುವ ಕೈಮಸೂರಕ್ಕೆ ಹೋಗಲಿ ಎಂಬುದು ನನ್ನ ಸಲಹೆ. ಬಣ್ಣಗಳ ಪ್ರಕಾರ ಜೋಡಿಸಿದ ಜೇಬು ಕೈಪಿಡಿ ಹಗುರ, ನೋಡಲು ಚೆಂದ, ಆದರೆ ಅದು ಪ್ರತಿ ಕುಲಕ್ಕೆ ಒಂದೆರಡು ಪ್ರಭೇದಗಳನ್ನಷ್ಟೇ ಕೊಡುವುದರಿಂದ ಪುಸ್ತಕದಲ್ಲಿಲ್ಲದ ಗಿಡವನ್ನೂ ಪುಸ್ತಕದಲ್ಲಿರುವ ಹೆಸರಿಗೆ ಹೊಂದಿಸುವಂತೆ ಓದುಗರನ್ನು ದೂಡುತ್ತದೆ. ಪೂರ್ಣ ಸಸ್ಯಕೋಶಗಳಲ್ಲಿ ಎಲ್ಲ ಪ್ರಭೇದಗಳೂ ಇರುತ್ತವೆ. ಅವುಗಳ ಬೆಲೆ ಪರಿಭಾಷೆಯನ್ನು ಕಲಿಯುವ ಶ್ರಮ. ಫ್ಲೋರಾ ಆಫ್ ನಾರ್ತ್ ಅಮೆರಿಕದ 2006ರ 20ನೆಯ ಸಂಪುಟದಲ್ಲಿ ಈ ಎಲ್ಲ ಕುಲಗಳ ವಿವರಣೆಯಿದೆ, ಅದನ್ನು ಅಂತರ್ಜಾಲದಲ್ಲಿ ಉಚಿತವಾಗಿ ಓದಬಹುದು. ಕ್ಯಾಲಿಫೋರ್ನಿಯಾಕ್ಕೆ ಜೆಪ್ಸನ್ ಹರ್ಬೇರಿಯಮ್ ಮತ್ತು ವಾಷಿಂಗ್ಟನ್ ರಾಜ್ಯಕ್ಕೆ ಬರ್ಕ್ ಹರ್ಬೇರಿಯಮ್ ಎಂಬ ಒಣಗಿಸಿದ ಗಿಡಗಳ ಸಂಗ್ರಹಾಲಯಗಳು ಇಂತಹ ಉಚಿತ ತಾಣಗಳನ್ನು ನಡೆಸುತ್ತವೆ; ಎರಡನೆಯದರಲ್ಲಿ ಚಿತ್ರಗಳೂ ಧಾರಾಳ.

ಗಿಡವನ್ನು ಕಿತ್ತು ಮನೆಗೆ ತಂದು ನಿಧಾನವಾಗಿ ನೋಡುವ ಆಯ್ಕೆ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಇಲ್ಲ. ಅನುಮತಿಯಿಲ್ಲದೆ ಅಲ್ಲಿ ಗಿಡ ಕೀಳುವುದು ಅಪರಾಧ. ತುಳಿದ ಎತ್ತರದ ಹುಲ್ಲುಗಾವಲು ಚೇತರಿಸಿಕೊಳ್ಳಲು ಹಲವು ವರ್ಷಗಳು ಬೇಕಾಗುವುದರಿಂದ ಹಾದಿಯನ್ನು ಬಿಟ್ಟು ಇಳಿಯುವುದೂ ಸಲ್ಲದು. ಹಾದಿಯ ಅಂಚಿನಲ್ಲಿ ಕೈಗೆಟುಕುವ ಗಿಡದಲ್ಲಿಯೇ ಪತ್ರಕ, ಎಲೆ, ಎಸಳು ಮೂರನ್ನೂ ನೋಡಿ ಮುಗಿಸಬೇಕು, ದೂರದಲ್ಲಿರುವುದನ್ನು ಬಿಡಬೇಕು.

ನಡಿಗೆಯ ಸಂತೋಷಕ್ಕಾಗಿ ಹೆಸರು ಬೇಕೆನ್ನುವವರಿಗೆ ಫ್ಲೀಬೇನ್, ಒರಿಯೋಸ್ಟೆಮ್ಮ, ಯೂಸೆಫಾಲಸ್, ಉಳಿದ ಆಸ್ಟರ್ ಎಂಬ ನಾಲ್ಕು ವಿಭಾಗಗಳು ಸಾಕು, ಮತ್ತು ಅವು ಬರಿಗಣ್ಣಿಗೆ ಸಿಗುತ್ತವೆ. ದಾಖಲೆ ಇಡುವವರು ಅನುಮಾನವಿರುವಲ್ಲಿ ಸಿಂಫಿಯೋಟ್ರೈಕಮ್ ಎಂದಷ್ಟೇ ಬರೆದು ನಿಲ್ಲಿಸುವುದು, ಪ್ರಭೇದದ ತಪ್ಪು ಹೆಸರನ್ನು ಸೇರಿಸುವುದಕ್ಕಿಂತ ಹೆಚ್ಚು ಉಪಯುಕ್ತ, ಏಕೆಂದರೆ ಮುಂದೆ ಆ ದಾಖಲೆಯನ್ನು ಯಾರಾದರೂ ನಂಬಿ ಬಳಸುತ್ತಾರೆ.

ಸ್ಥಳೀಯ ಗಿಡವನ್ನೇ ಬೆಳೆಸಬೇಕೆಂದಿರುವ ತೋಟಗಾರರ ಅಗತ್ಯ ಇವರಿಬ್ಬರಿಗಿಂತ ಬೇರೆ. ಅವರಿಗೆ ಕುಲದ ಹೆಸರು ಸಾಲದು. ನರ್ಸರಿಗಳಲ್ಲಿ ಆಲ್ಪೈನ್ ಆಸ್ಟರ್ ಎಂಬ ಚೀಟಿಯೊಂದಿಗೆ ಬರುವುದು ಸಾಮಾನ್ಯವಾಗಿ ಯುರೋಪಿನ ಮೂಲದ ಆಸ್ಟರ್ ಆಲ್ಪಿನಸ್, ಕ್ಯಾಸ್ಕೇಡ್ ಬೆಟ್ಟದಲ್ಲಿ ಅವರು ಕಂಡು ಮೆಚ್ಚಿದ ಒರಿಯೋಸ್ಟೆಮ್ಮ ಅಲ್ಲ. ಬೀಜದ ಪೊಟ್ಟಣದ ಮೇಲೆ ಆಸ್ಟರ್ ಎಂದಷ್ಟೇ ಇದ್ದರೆ ಅದು ಬಹುಮಟ್ಟಿಗೆ ಚೀನಾ ಆಸ್ಟರ್, ಅಂದರೆ ಕ್ಯಾಲಿಸ್ಟೆಫಸ್ ಚೈನೆನ್ಸಿಸ್. ನಮ್ಮ ಹೂಮಾರುಕಟ್ಟೆಗಳ ಆಸ್ಟರ್ ಕೂಡ ಅದೇ. ಹಾಗಾಗಿ ಕೊಳ್ಳುವ ಮೊದಲು ಲ್ಯಾಟಿನ್ ಹೆಸರನ್ನೂ ಬೀಜವನ್ನು ಯಾವ ಬೆಟ್ಟಶ್ರೇಣಿಯಿಂದ ಸಂಗ್ರಹಿಸಿದ್ದು ಎಂಬುದನ್ನೂ ಕೇಳಬೇಕು. ತಗ್ಗಿನ ತೋಟಕ್ಕೆ ಅತಿ ಎತ್ತರದ ಒರಿಯೋಸ್ಟೆಮ್ಮವನ್ನು ನಾನು ಸೂಚಿಸಲಾರೆ. ಆಳದ ಬೇರಿನ, ತಂಪು ಬೇಸಿಗೆಗೆ ಒಗ್ಗಿದ ಆ ಗಿಡ ಬೇರೆಡೆ ಬಾಳುವುದು ಕಷ್ಟ. ಅದೇ ನೇರಳೆ ಹೂ ಬೇಕೆಂದರೆ ಎರಿಜೆರಾನ್ ಸ್ಪೀಶಿಯೋಸಸ್ ಹೆಚ್ಚು ಸುಲಭದ ಆಯ್ಕೆ, ಅದು ಆಸ್ಟರ್ ಅಲ್ಲವೆಂಬುದು ಗೊತ್ತಿದ್ದು ನೆಡುವುದಾದರೆ.